ತೆರೆದವು, ಮುಚ್ಚಿದವು

ಬೆಳಿಗ್ಗೆ ಏಳಕ್ಕೆ ತರಕಾರಿಯವನು ಈರುಳ್ಳಿ ಮೂಟೆ ಇಳಿಸಿದ. ಇಳಿಸಿ ಹೋಗಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಸಾವಿನ ಮನೆಗೆ ಬಂದವನ ಹಾಗೆ ನಿಂತ. ಮೂಟೆ ಅನ್ನುವುದಕ್ಕಿಲ್ಲ, ಅರ್ಧ ಮೂಟೆ. ಆಲೂಗಡ್ಡೆಯೂ ಅರ್ಧವೇ. ಅಕ್ಕ ಅದನ್ನು ನೋಡಿದ್ದೇ ತಡ, ಸೊಂಟದ ಮೇಲೆ ಕೈ ಇಟ್ಟಳು.

“ಏನಪ್ಪಾ ಇದು? ಮಿಕ್ಕಿದ್ದು ಹಿಂದಿನಿಂದ ನಡ್ಕೊಂಡು ಬರ್ತಾ ಇದೆಯಾ?”

“ಅಲ್ಲಕ್ಕ, ಹೇಗೂ ತಿಂಗಳ ಕೊನೇವರೆಗೆ ತಾನೆ. ಉಳಿದುಹೋದ್ರೆ ಕೊಳೆಯುತ್ತಲ್ಲ ಅಂತ. ನಿಜ ಹೇಳ್ತೀನಿ, ಓದಿ ತುಂಬಾ ಬೇಜಾರಾಯ್ತು. ನಮ್ಮ ಮನೆಯವಳಂತೂ ಬೆಳಿಗ್ಗೆಯಿಂದ ಅದೇ ಮಾತು.”

“ಯಾರು ಸತ್ತಿದ್ದಾರೆ?”

ತರಕಾರಿಯವನು ಈರುಳ್ಳಿಯ ಮೇಲೆ ಹೊದಿಸಿ ತಂದಿದ್ದ ಅವತ್ತಿನ ಪೇಪರನ್ನು ಮೆಲ್ಲಗೆ ಕಾಲಿನಿಂದ ಗೋಣಿಚೀಲದ ಕೆಳಗೆ ಸರಿಸಲು ನೋಡಿದ. ಅಕ್ಕನ ಕಣ್ಣು ತಪ್ಪಿಸಿ ಆ ಅಡುಗೆಮನೆಯಲ್ಲಿ ಇರುವೆಯೂ ಸಕ್ಕರೆ ಒಯ್ದದ್ದಿಲ್ಲ. ಬಗ್ಗಿ ಪೇಪರನ್ನು ಎಳೆದುಕೊಂಡಳು.

ಅದು ಶನಿವಾರದ ಪೇಪರು. ಶನಿವಾರ ಐದನೇ ಪುಟದ ಕೆಳಗಡೆ ‘ತೆರೆದವು, ಮುಚ್ಚಿದವು’ ಅಂತ ಒಂದು ಅಂಕಣ ಬರುತ್ತದೆ. ಆ ವಾರ ನಗರದಲ್ಲಿ ಯಾವ ಹೋಟೆಲು ಶುರುವಾಯಿತು, ಯಾವುದು ಬಾಗಿಲು ಹಾಕಿತು ಎನ್ನುವ ಲೆಕ್ಕ. ಹೋಟೆಲಿನವರು ಪೇಪರ್ ಕೈಗೆ ಬಂದರೆ ಮೊದಲು ಓದುವುದು ಅದನ್ನೇ. ತೆರೆದವರ ಪಟ್ಟಿ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾರೆ, ಮುಚ್ಚಿದವರ ಪಟ್ಟಿ ನೋಡಿ ‘ಪಾಪ’ ಅಂದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಾರೆ. ಅಕ್ಕನೂ ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳು. ಅವತ್ತು ಮುಚ್ಚಿದವರ ಪಟ್ಟಿಯಲ್ಲಿ ಎರಡನೆಯದು ಅವಳದೇ ಹೋಟೆಲು. ‘ಅಣ್ಣ ತಂಗಿ ಸೇರಿ ನಡೆಸುತ್ತಿದ್ದ, ಮಧ್ಯಾಹ್ನದ ಬಿಸಿ ಊಟಕ್ಕೆ ಹೆಸರಾಗಿದ್ದ ಮೂಲೆ ಹೋಟೆಲ್ ಈ ತಿಂಗಳ ಕೊನೆಗೆ ಶಾಶ್ವತವಾಗಿ ಬಾಗಿಲು ಹಾಕಲಿದೆ.’

ಅಕ್ಕ ಎರಡು ಸಲ ಓದಿದಳು. ಎರಡನೇ ಸಲ ‘ಹೆಸರಾಗಿದ್ದ’ ಎನ್ನುವಲ್ಲಿ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಸೋಮವಾರ ಬಂದರೆ ಕಟ್ಟಡದ ಯಜಮಾನನ ಜೊತೆ ಇನ್ನೈದು ವರ್ಷಕ್ಕೆ ಕರಾರಿಗೆ ಸಹಿ ಹಾಕಬೇಕು. ಅವಳ ಸಹಿ, ಅಣ್ಣನ ಸಹಿ, ಎರಡೂ ಬೇಕು. ಸಹಿ ಆದಮೇಲೆ ಅಡುಗೆಮನೆಗೆ ಹೊಸ ನೆಲ, ದೊಡ್ಡ ಒಲೆ, ಕಿಟಕಿಯ ಪಕ್ಕ ಇನ್ನೆರಡು ಮೇಜು. ಎಲ್ಲಾ ಅವಳ ತಲೆಯಲ್ಲಿ ಸಿದ್ಧವಾಗಿತ್ತು. ಅಂಥದ್ದರಲ್ಲಿ ಯಾವನೋ ಕೂತಲ್ಲಿ ಕೂತು, ಬದುಕಿದ್ದ ಹೋಟೆಲಿಗೆ ಬಿಳಿ ಬಟ್ಟೆ ಹೊದಿಸಿಬಿಟ್ಟಿದ್ದಾನೆ.

ಅಣ್ಣ ಮುಂದುಗಡೆ ಕುರ್ಚಿಗಳನ್ನು ಮೇಜಿನಿಂದ ಇಳಿಸುತ್ತಿದ್ದ. ಅರವತ್ತಾರು ವರ್ಷದ ಮನುಷ್ಯ; ತೆಳ್ಳಗೆ, ಮೆತ್ತಗೆ, ಇದ್ದಾನೋ ಇಲ್ಲವೋ ಅನ್ನುವ ಹಾಗೆ ಇರುವವನು. ಗಿರಾಕಿಗಳು ಬಂದಾಗ ಬನ್ನಿ ಅನ್ನುವುದು, ಹೋಗುವಾಗ ಮತ್ತೆ ಬನ್ನಿ ಅನ್ನುವುದು, ನಡುವೆ ಬಡಿಸುವುದು ಅವನ ಪಾಲಿನ ಕೆಲಸ. ಅಕ್ಕ ಪೇಪರನ್ನು ಅವನ ಮುಖದ ಮುಂದೆ ಹಿಡಿದಳು.

“ನೋಡಿದ್ಯಾ ಅಣ್ಣ ಇದನ್ನ?”

ಅಣ್ಣ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ. “ಪೇಪರಿನವರು ಏನಾದ್ರೂ ಬರೀತಾ ಇರ್ತಾರೆ. ಕೂತ್ಕೋ. ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು.”

“ಮಾತು ಆಮೇಲೆ. ಮೊದಲು ಅವನ ಗ್ರಹಚಾರ ಬಿಡಿಸಿ ಬರ್ತೀನಿ.”

“ಐದು ನಿಮಿಷದ ಮಾತು ಕಣೆ.”

“ಐದು ನಿಮಿಷ ಸುಮ್ಮನಿದ್ರೆ ನಾನು ಸಿಡಿದೇ ಹೋಗ್ತೀನಿ ಅಣ್ಣ.” ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ತಿರುಗಿದಳು. “ಚಿಕ್ಕಮ್ಮ, ಬೇಳೆ ಬೇಯಕ್ಕೆ ಇಡಿ. ಸೊಪ್ಪು ತೊಳೆದು ಹೆಚ್ಚಿಡಿ. ಹನ್ನೊಂದಕ್ಕೆ ಬಂದು ಮಿಕ್ಕಿದ್ದು ನೋಡ್ಕೋತೀನಿ.”

ಚಿಕ್ಕಮ್ಮ ಅಂದರೆ ಪಾತ್ರೆ ತೊಳೆಯುವ ಚಿಕ್ಕಮ್ಮ; ರಕ್ತಸಂಬಂಧ ಏನಿಲ್ಲ, ಹದಿನೈದು ವರ್ಷದ ಸೋಪಿನ ನೊರೆಯ ಸಂಬಂಧ. ಆಕೆ ತಲೆ ಎತ್ತದೆ ಹೂಂ ಅಂದಳು. ಹಾಗೆ ತಲೆ ಎತ್ತದವಳಲ್ಲ ಆಕೆ. ಅಕ್ಕ ಕೋಪದಲ್ಲಿ ಗಮನಿಸಲಿಲ್ಲ.

ಪೇಪರಿನ ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಎದುರಿಗೆ ಸಿಕ್ಕ ಮೂರು ಜನರನ್ನು ಕೇಳಿ, ಕೊನೆಗೆ ಕಿಟಕಿಯ ಹತ್ತಿರದ ಮೇಜಿಗೆ ಬಂದಳು. ಅಂಕಣದವನು ಅಲ್ಲಿ ಕೂತು ಫ್ಲಾಸ್ಕಿನ ಮುಚ್ಚಳದಲ್ಲಿ ಗಂಜಿ ಕುಡಿಯುತ್ತಿದ್ದ. ಇಡೀ ನಗರದ ಹೋಟೆಲುಗಳ ಹುಟ್ಟು ಸಾವು ಬರೆಯುವ ಮಹಾನುಭಾವ, ಉಪ್ಪು ಕೂಡ ಹಾಕದ ಗಂಜಿ.

“ನೀವೇ ಏನ್ರೀ ನನ್ನ ಹೋಟೆಲ್ ಮುಚ್ಚಿದವರು?”

ಅವನು ಗಾಬರಿಯಿಂದ ಎದ್ದು ನಿಂತ. ಯಾವ ಹೋಟೆಲು ಅಂತ ಕೇಳಿದ. ಅಕ್ಕ ಹೇಳಿದಳು. ಅವನ ಮುಖದಲ್ಲಿ ತರಕಾರಿಯವನ ಮುಖದಲ್ಲಿದ್ದ ಬೇಜಾರೇ ಕಾಣಿಸಿತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ನಮ್ಮಲ್ಲಿ ಯಾವತ್ತಾದ್ರೂ ಊಟ ಮಾಡಿದ್ದೀರಾ?”

“ಇಲ್ಲಮ್ಮ. ನನಗೆ ಹೊಟ್ಟೆಯಲ್ಲಿ ಹುಣ್ಣು. ಹೋಟೆಲ್ ಊಟ ಮಾಡಬಾರದು ಅಂದಿದ್ದಾರೆ ಡಾಕ್ಟರು.”

“ನಮ್ಮ ಬೀದಿಗೆ ಬಂದಿದ್ದೀರಾ? ಬಾಗಿಲು ನೋಡಿದ್ದೀರಾ? ಫೋನಾದ್ರೂ ಮಾಡಿದ್ದೀರಾ?”

“ನಾನು ಯಾರಿಗೂ ಫೋನ್ ಮಾಡಲ್ಲಮ್ಮ. ಹೋಟೆಲಿನವರನ್ನ ಕೇಳಿದ್ರೆ ಯಾರೂ ಮುಚ್ಚಿದೀವಿ ಅನ್ನಲ್ಲ. ರಿಪೇರಿ ಅಂತಾರೆ, ರಜೆ ಅಂತಾರೆ, ಸ್ವಲ್ಪ ದಿನ ಅಂತಾರೆ. ಬಾಗಿಲಿಗೆ ಬೋರ್ಡು ಹಾಕಿ ವರ್ಷಗಟ್ಟಲೆ ಸ್ವಲ್ಪ ದಿನ ಅಂತಾನೇ ಇರ್ತಾರೆ.” ಗಂಜಿಯ ಮುಚ್ಚಳವನ್ನು ಕೆಳಗಿಟ್ಟ. “ನಾನು ವಾರಕ್ಕೊಂದು ಸಲ ಹಳೇ ಪಾತ್ರೆ ಅಂಗಡಿಯವರಿಗೆ ಫೋನ್ ಮಾಡ್ತೀನಿ. ಒಲೆ ಯಾರು ಮಾರಿದ್ರೋ ಅವರು ಮುಚ್ಚಿದ್ರು. ಯಾರು ಕೊಂಡ್ರೋ ಅವರು ತೆರೆದ್ರು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ತಪ್ಪಾಗಿಲ್ಲ.”

ಅಕ್ಕನಿಗೆ ಥಟ್ಟನೆ ಹೊಳೆಯಿತು. ಹೋದ ತಿಂಗಳು ತಾನೇ ಕೆಟ್ಟುಹೋದ ರುಬ್ಬುವ ಯಂತ್ರವನ್ನು ಆ ಅಂಗಡಿಗೆ ಹಾಕಿದ್ದಳಲ್ಲ. ಅಷ್ಟೇ ವಿಷಯ. ಒಂದು ಹಳೇ ಯಂತ್ರ ಬಂದಿದ್ದಕ್ಕೆ ಆ ಪುಣ್ಯಾತ್ಮ ಹೋಟೆಲನ್ನೇ ಮಣ್ಣು ಮಾಡಿದ್ದಾನೆ.

“ಈಗಾಯ್ತು ನೋಡಿ ನಿಮ್ಮ ಮೊದಲನೇ ತಪ್ಪು,” ಅಂದಳು. “ಒಂದು ಮುರುಕಲು ಯಂತ್ರ ಮಾರಿದ್ದೆ ನಾನು. ನಾಳೆ ಹರಕಲು ಚಾಪೆ ಎಸೆದ್ರೆ ನಾನೇ ಸತ್ತೆ ಅಂತ ಬರೀತೀರಾ? ಮುಂದಿನ ಶನಿವಾರ ಇದೇ ಜಾಗದಲ್ಲಿ, ಇದಕ್ಕಿಂತ ದಪ್ಪ ಅಕ್ಷರದಲ್ಲಿ, ಮೂಲೆ ಹೋಟೆಲ್ ತೆರೆದೇ ಇದೆ ಅಂತ ಬರಬೇಕು. ಬರದಿದ್ರೆ ನಿಮ್ಮ ಗಂಜಿಗೆ ಒಗ್ಗರಣೆ ಹಾಕೋದು ನಾನು.”

“ಪಾತ್ರೆ ಅಂಗಡಿಯವರು ಹಾಗಂತ ಹೇಳಿದ್ರೆ ಖಂಡಿತ ಹಾಕ್ತೀನಮ್ಮ,” ಅಂದ ಅವನು. ಬಡಪಾಯಿ, ಬೆವರುತ್ತಿದ್ದ.

ಹೊರಗೆ ಬಂದಾಗ ಅಕ್ಕನಿಗೆ ಅರ್ಧ ಗೆದ್ದಷ್ಟು ಹುರುಪು. ಇನ್ನರ್ಧಕ್ಕೆ ಸೀದಾ ಹಳೇ ಪಾತ್ರೆ ಅಂಗಡಿಗೆ ನಡೆದಳು.

ಅದು ಸಣ್ಣ ಅಂಗಡಿಯಲ್ಲ, ತಗಡಿನ ಮಾಡಿನ ದೊಡ್ಡ ಗೋದಾಮು. ಬಾಗಿಲಿನಿಂದಲೇ ಒಲೆಗಳು ಒಂದರ ಮೇಲೊಂದು. ಅನ್ನದ ಹಂಡೆಗಳು, ಕೈಯಷ್ಟು ಅಗಲದ ಸೌಟುಗಳು, ಕಾಲು ಮೇಲೆ ಮಾಡಿ ಮಲಗಿಸಿದ ಮೇಜುಗಳು, ಯಾರದೋ ಹೋಟೆಲಿನ ಹಸಿರು ಕುರ್ಚಿ, ಇನ್ಯಾರದೋ ಕೆಂಪು ಕುರ್ಚಿ. ಅಕ್ಕನಿಗೆ ಕೆಲವು ಗುರುತು ಸಿಕ್ಕವು. ಆ ಹಸಿರು ಕುರ್ಚಿ ಬಸ್ ನಿಲ್ದಾಣದ ಎದುರಿನವರದು. ಗಂಡ ಹೆಂಡತಿ ಇಬ್ಬರೂ ಬೆಳಗಿನ ಜಾವ ಎದ್ದು ದುಡಿಯುತ್ತಿದ್ದರು. ಬೇರೆ ದಿನವಾಗಿದ್ದರೆ ನಿಂತು ನಿಟ್ಟುಸಿರು ಬಿಡುತ್ತಿದ್ದಳೇನೋ.

ಅಂಗಡಿಯವನು ಅವಳನ್ನು ಕಂಡು ಬಾಯಿ ತುಂಬ ನಕ್ಕ. ದಪ್ಪಗೆ, ಖುಷಿಯಾಗಿರುವ ಆಸಾಮಿ. “ಬನ್ನಿ ಅಕ್ಕ, ಬನ್ನಿ. ನಾನೇ ಫೋನ್ ಮಾಡೋಣ ಅಂತಿದ್ದೆ. ಗಾಡಿ ಮೂವತ್ತನೇ ತಾರೀಖು ಸಂಜೆ ಕಳಿಸ್ಲಾ, ಒಂದನೇ ತಾರೀಖು ಬೆಳಿಗ್ಗೆ ಕಳಿಸ್ಲಾ? ಕೊನೇ ದಿನ ನಿಮಗೂ ತೊಂದರೆ ಆಗಬಾರದು ನೋಡಿ.”

ಬೈಯಲು ತೆರೆದ ಅಕ್ಕನ ಬಾಯಿ ಹಾಗೇ ನಿಂತಿತು.

“ಯಾವ ಗಾಡಿ?”

“ಪಾತ್ರೆ ತರೋ ಗಾಡಿ. ಹಂಡೆ ನಾಲ್ಕು, ಒಲೆ ಎರಡು, ದೊಡ್ಡ ಬಾಣಲೆ, ಎಲ್ಲಾ ಸೇರಿ ಹದಿನಾಲ್ಕು ಐಟಂ. ನಾನೇ ಬಂದು ಬಣ್ಣ ಹಾಕಿದ್ದೀನಲ್ಲ.”

“ಏನು ಬಣ್ಣ?”

ಅಂಗಡಿಯವನ ನಗು ಸ್ವಲ್ಪ ಇಳಿಯಿತು. ಹತ್ತಿರದ ಹಂಡೆಯನ್ನು ಬೋರಲು ಮಾಡಿ ತೋರಿಸಿದ. ತಳದಲ್ಲಿ ಹಳದಿ ಬಣ್ಣದಲ್ಲಿ ಏಳು ಅಂತ ಅಂಕಿ. “ವ್ಯಾಪಾರದಲ್ಲಿ ನಂಬಿಕೆ ಇಲ್ಲ ಅಂತ ತಿಳ್ಕೋಬೇಡಿ ಅಕ್ಕ. ಮಾತಾಗೋ ದಿನ ಒಳ್ಳೇ ಹಂಡೆ ತೋರಿಸ್ತಾರೆ, ಸಾಗಿಸೋ ದಿನ ತೂತು ಹಂಡೆ ಕೊಡ್ತಾರೆ. ಅದಕ್ಕೇ ಮಾತಾದ ದಿನವೇ ತಳಕ್ಕೆ ಬಣ್ಣ ಹಾಕಿಬಿಡೋದು ನಮ್ಮ ಪದ್ಧತಿ. ಒಲೆ ಮೇಲೆ ಇಟ್ರೂ ಹೋಗಲ್ಲ, ಉಜ್ಜಿದ್ರೂ ಹೋಗಲ್ಲ. ಹೋದ ಸೋಮವಾರ ನಿಮ್ಮ ರಜೆ ದಿನ ಬಂದಿದ್ದೆ. ನಿಮ್ಮ ಅಣ್ಣನೇ ಬೀಗ ತೆಗೆದ್ರು. ಒಂದೊಂದನ್ನೂ ಅವರೇ ಬೋರಲು ಹಾಕಿ ಕೊಟ್ರು, ಪಾಪ, ಸೊಂಟ ನೋವು ಅಂತ ಕೂತು ಕೂತು.” ಅವಳ ಮುಖ ನೋಡಿ ಮಾತು ನಿಧಾನ ಮಾಡಿದ. “ನಿಮಗೆ ಗೊತ್ತಿಲ್ವಾ ಅಕ್ಕ?”

ಅಕ್ಕ ಹಂಡೆಯ ಅಂಚು ಹಿಡಿದುಕೊಂಡಳು. ಆದರೆ ಅವಳ ಕೋಪ ಅವಳ ಕಾಲಿಗಿಂತ ಗಟ್ಟಿ. “ಸುಳ್ಳು ಹೇಳೋ ಬಾಯಿಗೆ ಹುಳ ಬೀಳಲಿ,” ಅಂದು ತಿರುಗಿ ನಡೆದಳು. ದಾರಿಯುದ್ದಕ್ಕೂ ಅವನಿಗೆ ಬೈದಳು, ಗಂಜಿಯವನಿಗೆ ಬೈದಳು, ಸಿಗ್ನಲಿನ ಕೆಂಪು ದೀಪಕ್ಕೆ ಬೈದಳು. ಅಣ್ಣನಿಗೆ ಮಾತ್ರ ಬೈಯಲಾಗಲಿಲ್ಲ.

ಬೀದಿಯ ತಿರುವಿಗೆ ಬಂದರೆ ಜನ. ಅವಳ ಹೋಟೆಲಿನ ಬಾಗಿಲಿನಿಂದ ಔಷಧಿ ಅಂಗಡಿಯವರೆಗೆ ಸಾಲು. ಇನ್ನೂ ಹನ್ನೊಂದೂವರೆ; ಊಟ ಶುರುವಾಗುವುದು ಹನ್ನೆರಡಕ್ಕೆ. ಎಲ್ಲರೂ ಪೇಪರ್ ಓದಿ ಬಂದವರು. ತಲೆ ನರೆತ ಒಬ್ಬ ತನ್ನ ಮಗಳಿಗೆ ಕಿಟಕಿ ತೋರಿಸುತ್ತಾ, ಓದುವಾಗ ಅಲ್ಲೇ ಕೂರುತ್ತಿದ್ದೆ ಅನ್ನುತ್ತಿದ್ದ. ಇಬ್ಬರು ಹೆಂಗಸರು ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಕ್ಕನನ್ನು ಕಂಡು ಸಾಲಿನಲ್ಲಿ ಅಯ್ಯೋ ಪಾಪ ಅನ್ನುವ ಗುಸುಗುಸು ಹರಿಯಿತು.

“ಎಂಥಾ ರುಚಿ ಅಕ್ಕ ನಿಮ್ಮ ಕೈದು,” ಅಂದಳು ಒಬ್ಬಳು. “ಮುಚ್ಚಬಾರದಿತ್ತು ನೀವು.”

ಅಕ್ಕ ನಿಂತಳು. “ಎಷ್ಟು ವರ್ಷ ಆಯ್ತಮ್ಮ ನೀವು ಇಲ್ಲಿಗೆ ಬಂದು?”

“ಒಂದು ಆರೇಳು ವರ್ಷ ಆಗಿರಬೇಕು. ಈ ಕಡೆ ಬರೋದೇ ಆಗಲ್ಲ.”

“ಎದುರುಗಡೆ ಗಾಜಿನ ಬಾಗಿಲಿನ ಅಂಗಡಿಗೆ ಬರೋಕಾಗುತ್ತೆ, ಹೋದ ವಾರ ನಾನೇ ನೋಡಿದೆ. ಬದುಕಿದ್ದಾಗ ಈ ಕಡೆ ತಲೆ ಹಾಕದವರು ಮಣ್ಣಿಗೆ ಮಾತ್ರ ಹೊತ್ತಿಗೆ ಮುಂಚೆ ಬಂದಿದ್ದೀರಿ.” ಅಕ್ಕ ಒಳಗೆ ಹೋಗಿ ಚಿಲಕ ಹಾಕಿದಳು.

ಅಡುಗೆಮನೆಯಲ್ಲಿ ಬೇಳೆ ಬೆಂದಿತ್ತು, ಸೊಪ್ಪು ಹೆಚ್ಚಿಟ್ಟಿತ್ತು, ಅನ್ನವೂ ಆಗಿತ್ತು. ಅಕ್ಕ ಯಾರನ್ನೂ ನೋಡದೆ, ಕಟ್ಟೆಯ ಮೇಲೆ ತೊಳೆದಿಟ್ಟಿದ್ದ ಖಾಲಿ ಹಂಡೆಯನ್ನು ಎಳೆದು ನೆಲಕ್ಕೆ ಬೋರಲು ಹಾಕಿದಳು. ಹಳದಿ, ಮೂರು. ಬಾಣಲೆ ಬೋರಲು ಹಾಕಿದಳು. ಹಳದಿ, ಒಂಬತ್ತು. ಸಣ್ಣ ಹಂಡೆ, ಹಳದಿ, ಹನ್ನೊಂದು. ಒಂದೊಂದು ಪಾತ್ರೆಯೂ ನೆಲಕ್ಕೆ ಬಿದ್ದ ಸದ್ದಿಗೆ ಹೊರಗಿನ ಸಾಲು ಕಿಟಕಿಗೆ ಮುಖ ಒತ್ತಿತು.

“ಚಿಕ್ಕಮ್ಮ, ನೀವು ದಿನಾ ತೊಳೀತೀರಲ್ಲ ಇದನ್ನ. ಕಣ್ಣು ಕಾಣಿಸಲ್ವಾ ನಿಮಗೆ?”

“ಕಾಣಿಸ್ತಮ್ಮ,” ಅಂದಳು ಚಿಕ್ಕಮ್ಮ. “ಮಂಗಳವಾರವೇ ಕಾಣಿಸ್ತು. ಉಜ್ಜಿದೆ, ಹೋಗಲಿಲ್ಲ. ಏನಿದು ಅಂತ ಕೇಳಿದ್ರೆ ನೀನು ಎಗರಾಡ್ತೀಯ. ಯಾಕೆ ಬೇಕು ಅಂತ ಸುಮ್ಮನಾದೆ.”

ಅಷ್ಟರಲ್ಲಿ ಅಣ್ಣ ಬಾಗಿಲಲ್ಲಿ ಬಂದು ನಿಂತ. ಪಾತ್ರೆಗಳನ್ನು ನೋಡಿದ. ಓಡಿಹೋಗುವವನ ಹಾಗೆ ಇರಲಿಲ್ಲ. ಎಂದೂ ಇರದಷ್ಟು ನೆಟ್ಟಗೆ ನಿಂತಿದ್ದ.

“ನನ್ನ ಒಲೆ ಮಾರಿದ್ಯಾ ಅಣ್ಣ?” ಅಂದಳು ಅಕ್ಕ. “ನನ್ನ ಒಲೆ. ನಾನು ಮಲಗಿದ್ದಾಗ, ಕಳ್ಳನ ಥರ ಬೀಗ ತೆಗೆದು.”

“ಹೌದು. ತಪ್ಪು ಮಾಡಿದೆ.”

“ಕರಾರು?”

“ಸಹಿ ಹಾಕಲ್ಲ ಅಂತ ಯಜಮಾನರಿಗೆ ಹೇಳಿಬಿಟ್ಟೆ. ಜಾಗ ಬೇರೆಯವರಿಗೆ ಮಾತಾಗಿದೆ. ಇನ್ನೈದು ವರ್ಷ ನನ್ನ ಕೈಲಿ ಆಗಲ್ಲ ಕಣೆ.”

“ಆಗಲ್ಲ ಅಂತ ನನಗೆ ಹೇಳೋಕೆ ನಿನಗೆ ಬಾಯಿರಲಿಲ್ವಾ? ಪಾತ್ರೆಯವನಿಗೆ ಗೊತ್ತು, ಗಂಜಿ ಕುಡಿಯೋನಿಗೆ ಗೊತ್ತು, ತರಕಾರಿಯವನ ಹೆಂಡ್ತಿಗೂ ಗೊತ್ತು. ಒಡಹುಟ್ಟಿದವಳು ಪೇಪರ್ ಓದಿ ತಿಳ್ಕೋಬೇಕಾ?”

“ಹೇಳಿದ್ದೆ,” ಅಂದ ಅಣ್ಣ. “ಮಳೆಗಾಲಕ್ಕೆ ಮುಂಚೆ ಒಂದು ಸಲ ಹೇಳಿದೆ. ನೀನು ಸೌಟು ಎಸೆದೆ. ಸೊಂಟಕ್ಕೆ ಪಟ್ಟಿ ಹಾಕಿಸ್ಕೊಂಡು ಬಂದ ದಿನ ಹೇಳಿದೆ. ನೀನು ನಾಲ್ಕು ದಿನ ಮಾತು ಬಿಟ್ಟೆ. ಹೋದ ತಿಂಗಳು ಇಲ್ಲೇ, ಇದೇ ಬಾಗಿಲಲ್ಲಿ ನಿಂತು ಹೇಳಿದೆ. ಅಣ್ಣಂಗೆ ಹೊಟ್ಟೆ ಹಸಿದು ತಲೆ ಕೆಟ್ಟಿದೆ, ಮೊದಲು ಊಟಕ್ಕಿಡಿ ಅಂತ ಚಿಕ್ಕಮ್ಮಂಗೆ ಹೇಳಿ ನಕ್ಕೆ. ಇವತ್ತು ಬೆಳಿಗ್ಗೆನೂ ಹೇಳೋಕೆ ಬಂದೆ.”

ಅಕ್ಕನಿಗೆ ಎಲ್ಲಾ ನೆನಪಿತ್ತು. ಸೌಟು ನೆನಪಿತ್ತು, ನಕ್ಕಿದ್ದೂ ನೆನಪಿತ್ತು. ಅದು ಇವನ ಮಾತಿಗೆ ಉತ್ತರವಾಗಿತ್ತು ಅನ್ನುವುದು ಮಾತ್ರ ಅವಳ ತಲೆಗೆ ಹೋಗಿರಲಿಲ್ಲ. ಸಿಟ್ಟು ಒಂದು ಚೂರೂ ಇಳಿಯಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎದೆಯಲ್ಲೇ ಗಿರಗಿರನೆ ಸುತ್ತಿತು. ಬೋರಲು ಬಿದ್ದ ಹಂಡೆಯನ್ನು ಕಾಲಿನಿಂದ ಒದ್ದಳು. ಕಾಲಿಗೇ ಪೆಟ್ಟಾಯಿತು.

ಬಾಗಿಲಿನ ಆಚೆ ಯಾರೋ ಮೆಲ್ಲಗೆ ತಟ್ಟಿದರು.

“ಇನ್ನೂ ಟೈಮ್ ಆಗಿಲ್ಲ,” ಅಂತ ಅಕ್ಕ ಗದರಿದಳು. ಆಮೇಲೆ ಒಂದು ತಟ್ಟೆ ತೆಗೆದುಕೊಂಡು ಅನ್ನ ಹಾಕಿದಳು, ಬೇಳೆ ಹಾಕಿದಳು. ಮುಂದುಗಡೆ ಹೋಗಿ ಒಂದು ಮೇಜಿನ ಮೇಲೆ ಕುಕ್ಕಿದಳು. “ಕೂತ್ಕೋ. ತಿನ್ನು. ತಿಂತಾ ಹೇಳು. ನಾನು ಬಾಯಿ ತೆಗೆಯಲ್ಲ.”

ಅಣ್ಣ ಕೂತ. ಗಿರಾಕಿಯ ಕುರ್ಚಿಯಲ್ಲಿ ಅವನು ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ. ಎರಡು ತುತ್ತು ತಿಂದ. ಅಕ್ಕ ಎದುರಿಗೆ ಕೂತು, ಹಲ್ಲು ಕಚ್ಚಿಕೊಂಡು, ಕಾದಳು.

“ನಿನ್ನ ಗಂಡ ಬಿಟ್ಟುಹೋದ ವರ್ಷ,” ಅಂದ ಅಣ್ಣ, ತಟ್ಟೆ ನೋಡುತ್ತಾ. “ನೀನು ಹೋಟೆಲ್ ಹಾಕ್ತೀನಿ ಅಂತ ಹಟ ಹಿಡಿದೆ. ಒಬ್ಬಳನ್ನೇ ಹೇಗೆ ಬಿಡೋದು ಅಂತ ನಾನು ಅಂಗಡಿ ಮುಚ್ಚಿ ಬಂದೆ.”

“ಯಾವ ಅಂಗಡಿ?” ಬಾಯಿ ತೆಗೆಯಲ್ಲ ಅಂದಿದ್ದೂ, ಅಣ್ಣನಿಗೊಂದು ಅಂಗಡಿ ಇದ್ದದ್ದೂ ಅವಳಿಗೆ ಮರೆತೇಹೋಗಿತ್ತು.

“ನನ್ನದು. ಗಡಿಯಾರ ರಿಪೇರಿದು. ಎರಡು ವರ್ಷ ನಿನ್ನ ಜೊತೆ ನಿಂತ್ಕೊಂಡು, ನಿನ್ನ ಕಾಲು ಊರಿದ ಮೇಲೆ ವಾಪಸ್ ಹೋಗ್ತೀನಿ ಅಂದ್ಕೊಂಡಿದ್ದೆ. ಸಾಮಾನೆಲ್ಲ ಡಬ್ಬಿಯಲ್ಲಿ ಕಟ್ಟಿಟ್ಟಿದ್ದೆ. ನನಗೆ ಈ ಕೆಲಸ ಮೊದಲಿಂದ್ಲೂ ಹಿಡಿಸಲಿಲ್ಲ ಕಣೆ. ಬನ್ನಿ ಬನ್ನಿ ಅನ್ನೋದು, ಗಲಾಟೆ, ಎಲ್ಲರ ಎದುರು ನಗ್ತಾ ನಿಲ್ಲೋದು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ಇಪ್ಪತ್ತೆರಡು ವರ್ಷ ಆಗೋಯ್ತು. ಈಗ ಕೈ ನಡುಗುತ್ತೆ. ಆ ಕೆಲಸಾನೂ ಬರಲ್ಲ.”

ಅವನು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಗಿರಾಕಿಗೆ ಇವತ್ತು ಸೊಪ್ಪು ಇಲ್ಲ ಅನ್ನುವ ಸ್ವರದಲ್ಲೇ ಹೇಳಿದ. ಹೇಳಿ ಇನ್ನೊಂದು ತುತ್ತು ತಿಂದ. ಅಕ್ಕ ಅವನ ಬೆರಳುಗಳನ್ನು ನೋಡಿದಳು. ದಿನಕ್ಕೆ ನೂರು ಸಲ ತನ್ನ ಕೈಯಿಂದ ತಟ್ಟೆ ಇಸಿದುಕೊಂಡ ಬೆರಳುಗಳು. ಅನ್ನ ಕಲಸುವಾಗ ನಿಜವಾಗಿಯೂ ನಡುಗುತ್ತಿದ್ದವು.

“ಆಗಲೇ ಹೇಳಬಾರದಿತ್ತಾ?” ಅಂದಳು. “ಎರಡು ವರ್ಷ ಆದಾಗಲೇ? ನಾನೇನು ಹುಲಿಯಾ, ಕರಡಿಯಾ? ಹೋಗು ಅಂತಿದ್ದೆ. ಖುಷಿಯಿಂದ ಕಳಿಸ್ತಿದ್ದೆ ನಿನ್ನ.”

ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದ ಚಿಕ್ಕಮ್ಮನೇ ಕೇಳಿದಳು.

“ಹೇಳಿದ್ರೆ ಕೇಳ್ತಿದ್ದೆಯಾ?”

ಅಕ್ಕ ಸರ್ರನೆ ಅವಳ ಕಡೆ ತಿರುಗಿದಳು. ಬೈಗುಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಪಾತ್ರೆ ತೊಳೆಯುವವಳಿಗೆ ಪಾತ್ರೆಯ ಮಾತು ಸಾಕು ಅನ್ನುವಂಥದ್ದೇ ಏನೋ. ಚಿಕ್ಕಮ್ಮ ಅದಕ್ಕೆ ಆಗಲೇ ತಲೆ ತಗ್ಗಿಸಿಕೊಂಡಿದ್ದಳು. ಅಣ್ಣನೂ ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದ್ದ. ಇಬ್ಬರೂ ಹಾಗೆ ಬಗ್ಗಿಕೊಂಡು, ಅದು ಬಂದು ಹೋಗಲಿ ಅಂತ ಕಾಯುತ್ತಿದ್ದರು.

“ಇಲ್ಲ,” ಅಂದಳು ಅಕ್ಕ. “ಕೇಳ್ತಿರಲಿಲ್ಲ.”

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅಣ್ಣನಿಗೆ ಕೂತೇ ಇರು ಅಂದಳು. ಇವತ್ತು ಬಡಿಸುವುದು ತಾನೇ ಅಂದಳು. ಆಮೇಲೆ ಹೋಗಿ ಚಿಲಕ ತೆಗೆದಳು.